ಒರೊಮೊ ಬಂಡಾಯ: ನಾವು ನಂಬಿರುವುದು ಮತ್ತು ನಡೆದಿರುವುದು

ಇಥಿಯೋಪಿಯದ ಒರೊಮೊ ಬಂಡಾಯದ ಸುದ್ದಿ ನಮ್ಮ ಪತ್ರಿಕೆಗಳ ವಿದೇಶ ಪುಟಕ್ಕೆ ಬರುವುದೇ ಅಪರೂಪ. ಬಂದಾಗಲೂ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: ಪ್ರತ್ಯೇಕತಾವಾದಿ ಬಂಡುಕೋರರು ಇಷ್ಟು ಜನರನ್ನು ಕೊಂದರು, ಸೇನೆ ಇಷ್ಟು ಬಂಡುಕೋರರನ್ನು ಕೊಂದಿತು. ಗಡಿಯಂಚಿನ ಕಾಡಿನಲ್ಲಿರುವ ಯಾವುದೋ ಚಿಕ್ಕ ಬುಡಕಟ್ಟು, ದೇಶದಿಂದ ಬೇರೆಯಾಗಲೆಂದು ತಲೆಮಾರುಗಳಿಂದ ಬಂದೂಕು ಹಿಡಿದಿದೆ ಎಂಬ ಚಿತ್ರ ಓದುಗರ ಮನಸ್ಸಿನಲ್ಲಿ ಉಳಿಯುತ್ತದೆ. ಈ ಚಿತ್ರ ಮೊದಲಿನಿಂದ ಕೊನೆಯವರೆಗೂ ದಾರಿ ತಪ್ಪಿಸುವಂಥದ್ದು. 2007ರ ಜನಗಣತಿಯ ಪ್ರಕಾರ ಇಥಿಯೋಪಿಯದ ಸುಮಾರು 7.4 ಕೋಟಿ ಜನರಲ್ಲಿ ಒರೊಮೊಗಳು ಎರಡೂವರೆ ಕೋಟಿ, ಅಂದರೆ ಶೇ 34ಕ್ಕೂ ಹೆಚ್ಚು. ಅವರು ಆ ದೇಶದ ಅತಿ ದೊಡ್ಡ ಜನಸಮುದಾಯ. ಅವರ ಒರೊಮಿಯ ಪ್ರಾಂತ್ಯ ಪಶ್ಚಿಮದ ವೊಲ್ಲೆಗಾದಿಂದ ಪೂರ್ವದ ಹರಾರ್ಗೆಯವರೆಗೆ, ದಕ್ಷಿಣದಲ್ಲಿ ಕೆನ್ಯಾ ಗಡಿಯವರೆಗೆ ಹಬ್ಬಿದೆ. ರಾಜಧಾನಿ ಅಡಿಸ್ ಅಬಾಬಾ ಇರುವುದೇ ಆ ಪ್ರಾಂತ್ಯದ ನಡುವೆ. ದೇಶದ ನಟ್ಟನಡುವೆ ಬದುಕುವ, ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿರುವ ಜನ ಸರ್ಕಾರದ ವಿರುದ್ಧ ಮತ್ತೆ ಮತ್ತೆ ಆಯುಧ ಎತ್ತಿದ್ದಾರೆ ಎಂದರೆ ಅದನ್ನು ಬುಡಕಟ್ಟು ಗಲಾಟೆ ಎಂದು ಬದಿಗೆ ಸರಿಸಲಾಗದು. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಈ ಹೋರಾಟದ ಬೇರು ಭೂಮಿಯಲ್ಲಿದೆ, ಬಹಿರಂಗವಾಗಿ ಸಂಘಟನೆ ಕಟ್ಟಿ ಕೇಳುವ ದಾರಿಯನ್ನು ಸರ್ಕಾರ ಮುಚ್ಚಿದಾಗಲೆಲ್ಲ ಬಂದೂಕು ಹೊರಬಂದಿದೆ, ಆದರೆ ಒರೊಮೊಗಳಿಗೆ ನಿಜವಾಗಿ ದಕ್ಕಿದ್ದರಲ್ಲಿ ಹೆಚ್ಚಿನ ಪಾಲು ಬಂದೂಕಿನಿಂದ ಬಂದದ್ದಲ್ಲ.

ಭೂಮಿಯ ಮಾತನ್ನು ಮೊದಲು ತೆಗೆದುಕೊಳ್ಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 19ನೇ ಶತಮಾನದ ಕೊನೆಯಲ್ಲಿ ಶೋವಾದ ಅರಸ ಮೆನೆಲಿಕ್ ದಕ್ಷಿಣಕ್ಕೆ ದಂಡೆತ್ತಿ ಹೋದ. ಆರ್ಸಿ ಪ್ರದೇಶ ವರ್ಷಗಟ್ಟಲೆ ಕಾದಾಡಿ ಸೋತಿತು. 1887ರಲ್ಲಿ ಚೆಲೆಂಕೊ ಕದನದ ನಂತರ ಹರಾರ್ ಕೈವಶವಾಯಿತು. ಗೆದ್ದ ನೆಲದಲ್ಲಿ ಬೀಡುಬಿಟ್ಟ ಸೈನಿಕರಿಗೆ ಸಂಬಳದ ಬದಲು ಜಮೀನನ್ನೂ ಅದನ್ನು ಉಳುವ ಕುಟುಂಬಗಳನ್ನೂ ಹಂಚಲಾಯಿತು. ಗಬ್ಬಾರ್ ಎನಿಸಿಕೊಂಡ ಆ ರೈತರು ಬೆಳೆಯಲ್ಲಿ ಪಾಲು ಕೊಡಬೇಕಿತ್ತು, ಒಡೆಯನ ಮನೆಯಲ್ಲಿ ಬಿಟ್ಟಿ ದುಡಿಯಬೇಕಿತ್ತು. ಆಮೇಲೆ ಬಂದದ್ದು ‘ಕಲಾದ್’ ಎಂಬ ಅಳತೆ. ಸರ್ಕಾರದವರು ಹಗ್ಗ ಹಿಡಿದು ಹೊಲ ಅಳೆಯುತ್ತಿದ್ದರು. ಅಳೆದ ಭೂಮಿಯಲ್ಲಿ ಮೂರನೇ ಒಂದು ಭಾಗ ಸ್ಥಳೀಯ ಮುಖಂಡರ ಪಾಲಿಗೆ ಉಳಿಯುತ್ತಿತ್ತು. ಮಿಕ್ಕ ಎರಡು ಭಾಗ ಸರ್ಕಾರದ್ದಾಗಿ ಸೈನಿಕರಿಗೆ, ಅಧಿಕಾರಿಗಳಿಗೆ, ಚರ್ಚಿಗೆ ಹೋಗುತ್ತಿತ್ತು. ತಾತನ ಕಾಲದಿಂದ ಉಳುತ್ತಿದ್ದವನು ಅದೇ ಹೊಲದಲ್ಲಿ ಗೇಣಿದಾರನಾದ. ತಕರಾರು ಹೇಳಿಕೊಳ್ಳಲು ಕೋರ್ಟಿಗೆ ಹೋದರೆ ಅಲ್ಲಿ ನಡೆಯುತ್ತಿದ್ದುದು ಅಮ್ಹಾರರ ಭಾಷೆಯಾದ ಅಮ್ಹಾರಿಕ್. ಹುಟ್ಟಿದ ಊರಿನಲ್ಲಿಯೇ ಒರೊಮೊ ರೈತ ದುಭಾಷಿಯನ್ನು ಹಿಡಿದು ಮಾತಾಡಬೇಕಿತ್ತು. ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಅವನ ಭಾಷೆಗೆ ಶಾಲೆಯಲ್ಲೂ ಕಚೇರಿಯಲ್ಲೂ ಜಾಗವಿರಲಿಲ್ಲ.

ಬಾಲೆ ಪ್ರಾಂತ್ಯದಲ್ಲಿ 1963ರಲ್ಲಿ ಸಿಡಿದು 1970ರವರೆಗೆ ನಡೆದ ದಂಗೆಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ವಾಕೊ ಗುತು ಮುಂದಾಳಾಗಿದ್ದ ಆ ದಂಗೆಯಲ್ಲಿ ಇದ್ದವರು ರೈತರು ಮತ್ತು ದನಗಾಹಿಗಳು. ಅವರ ಸಿಟ್ಟು ಇದ್ದದ್ದು ಏರುತ್ತಲೇ ಹೋದ ಭೂಕಂದಾಯದ ಮೇಲೆ, ಕಂದಾಯ ಕಟ್ಟಲಾಗದವರ ಜಮೀನು ಕಿತ್ತು ಬೇರೆಯವರಿಗೆ ಕೊಟ್ಟದ್ದರ ಮೇಲೆ. ಬಾಲೆಯ ಜನ ಬಹುಪಾಲು ಮುಸ್ಲಿಮರು, ಅಧಿಕಾರಿಗಳು ಕ್ರೈಸ್ತರು. ಹಾಗಾಗಿ ಇದು ಧರ್ಮಯುದ್ಧ ಎಂಬ ಮಾತು ಆಗಲೇ ಹುಟ್ಟಿಕೊಂಡಿತು, ಇಂದಿಗೂ ಕೇಳಿಬರುತ್ತದೆ. ಧರ್ಮದ ಅವಮಾನ ಅಲ್ಲಿ ಇತ್ತು, ಇಲ್ಲ ಎನ್ನಲಾಗದು. ಆದರೆ ಅದೇ ವರ್ಷಗಳಲ್ಲಿ ಅಡಿಸ್ ಅಬಾಬಾದಲ್ಲಿ ಮೆಚಾ–ತುಲಮಾ ಎಂಬ ಸ್ವಸಹಾಯ ಸಂಘ ಕಟ್ಟಿದ ಒರೊಮೊಗಳಲ್ಲಿ ಕ್ರೈಸ್ತರೇ ಹೆಚ್ಚು. ಮುಂದೆ ಒರೊಮೊ ವಿಮೋಚನಾ ರಂಗವನ್ನು (ಒಎಲ್ಎಫ್) ಕಟ್ಟಿದವರಲ್ಲಿ ಒಬ್ಬನಾದ ಬಾರೊ ತುಮ್ಸಾ, ಮೆಕಾನೆ ಯೇಸುಸ್ ಎಂಬ ಲೂಥರನ್ ಚರ್ಚಿನ ಪ್ರಧಾನ ಕಾರ್ಯದರ್ಶಿ ಗುಡಿನಾ ತುಮ್ಸಾರ ತಮ್ಮ. ಗುಡಿನಾರನ್ನು 1979ರಲ್ಲಿ, ಚಕ್ರವರ್ತಿಯನ್ನು ಉರುಳಿಸಿ ಬಂದ ದೆರ್ಗ್ ಸೇನಾಡಳಿತ ಕೊಂದಿತು. 2007ರ ಗಣತಿಯಲ್ಲಿ ಒರೊಮಿಯದ ಮುಸ್ಲಿಮರು ಶೇ 48ರ ಹತ್ತಿರ, ಕ್ರೈಸ್ತರ ಎಲ್ಲ ಪಂಗಡಗಳು ಸೇರಿ ಸುಮಾರು ಅಷ್ಟೇ. ವಾಕೆಫನ್ನಾ ಎಂಬ ಮೂಲ ನಂಬಿಕೆಯವರೂ ಇದ್ದಾರೆ. ಮಸೀದಿಗೂ ಚರ್ಚಿಗೂ ಹೀಗೆ ಹಂಚಿಹೋದ ಜನರ ಹೋರಾಟಕ್ಕೆ ಧರ್ಮದ ಹೆಸರಿಟ್ಟರೆ ಅರ್ಧ ಜನ ಲೆಕ್ಕದಿಂದ ಹೊರಗೆ ಬೀಳುತ್ತಾರೆ.

ಮೆಚಾ–ತುಲಮಾದ ಕಥೆ ನನ್ನ ವಾದಕ್ಕೆ ಮುಖ್ಯ. ಅದು ಕಾನೂನಿನ ಪ್ರಕಾರವೇ ನೋಂದಣಿಯಾದ, ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಲು ಜನರಿಂದ ಹಣ ಕೂಡಿಸುತ್ತಿದ್ದ ಸಂಘ. ಅದರ ಪ್ರಮುಖ ಮುಖಂಡ ತಡೆಸ್ಸೆ ಬಿರ್ರು ಚಕ್ರವರ್ತಿಯ ಪೊಲೀಸ್ ಪಡೆಯಲ್ಲಿ ಜನರಲ್; 1962ರಲ್ಲಿ ನೆಲ್ಸನ್ ಮಂಡೇಲಾ ಗುಟ್ಟಾಗಿ ಇಥಿಯೋಪಿಯಕ್ಕೆ ಬಂದು ಪಡೆದ ಸೈನಿಕ ತರಬೇತಿಯ ಹೊಣೆ ಹೊತ್ತವರಲ್ಲಿ ಆತನೂ ಒಬ್ಬ. ಇಂಥವನು ಮುಂದೆ ನಿಂತ ಸಂಘದ ಸಭೆಗಳಿಗೆ ಸಾವಿರಾರು ಜನ ಸೇರತೊಡಗಿದ್ದೇ ತಡ, ಅರಮನೆಗೆ ಭಯ ಹುಟ್ಟಿತು. 1966ರಲ್ಲಿ ಬಂಧನಗಳು ನಡೆದವು, 1967ರಲ್ಲಿ ಸಂಘವನ್ನೇ ನಿಷೇಧಿಸಲಾಯಿತು. ತಡೆಸ್ಸೆಗೆ ವಿಧಿಸಿದ ಮರಣದಂಡನೆ ಜೀವಾವಧಿಗೆ ಇಳಿಯಿತು. ಕೊನೆಗೆ 1975ರಲ್ಲಿ ಆತನನ್ನು ದೆರ್ಗ್ ಗುಂಡಿಟ್ಟು ಕೊಂದಿತು. ಶಾಲೆ ಕಟ್ಟುವವರನ್ನು ಜೈಲಿಗೆ ಹಾಕಿದ ಮೇಲೆ ಅವರ ಹಿಂದೆ ಬಂದ ವಿದ್ಯಾರ್ಥಿಗಳು ಭೂಗತರಾದದ್ದರಲ್ಲಿ ಆಶ್ಚರ್ಯವೇನಿದೆ? 1970ರ ದಶಕದ ಮೊದಲ ಅರ್ಧದಲ್ಲಿ ಒಎಲ್ಎಫ್ ರೂಪುಗೊಂಡದ್ದು ಆ ಪೀಳಿಗೆಯಿಂದ.

ಬೇರು ಭೂಮಿಯಲ್ಲಿದೆ ಎಂಬುದಕ್ಕೆ ನನಗೆ ಕಾಣುವ ಬಲವಾದ ಸಾಕ್ಷಿ ಒಂದು ಶಾಂತಿಯ ಘಳಿಗೆ. 1975ರ ಮಾರ್ಚ್‌ನಲ್ಲಿ ದೆರ್ಗ್ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಣ ಮಾಡಿ ಗೇಣಿಯನ್ನು ರದ್ದು ಮಾಡಿದಾಗ ದಕ್ಷಿಣದ ಒರೊಮೊ ರೈತರು ಅದನ್ನು ಮನಸಾರೆ ಸ್ವಾಗತಿಸಿದರು. ಆ ಶಾಸನದ ಹಿಂದೆ ಒರೊಮೊ ವಿದ್ಯಾವಂತರ ಕೈಯೂ ಇತ್ತು. ಬೇರೆ ದೇಶವೊಂದೇ ಅವರ ಗುರಿಯಾಗಿದ್ದರೆ ಅಡಿಸ್ ಅಬಾಬಾದಿಂದ ಬಂದ ಭೂಸುಧಾರಣೆಗೆ ಅವರು ಹಾಗೆ ಓಗೊಡುತ್ತಿರಲಿಲ್ಲ. ಆದರೆ ದೆರ್ಗ್ ಭೂಮಾಲೀಕನನ್ನು ತೆಗೆದು ಆ ಜಾಗದಲ್ಲಿ ಸರ್ಕಾರವನ್ನು ಕೂರಿಸಿತು. ಧಾನ್ಯದ ಕಡ್ಡಾಯ ವಸೂಲಿ, ಊರುಗಳನ್ನೆಬ್ಬಿಸಿ ಒಂದೆಡೆ ಕೂಡಿಹಾಕುವ ಯೋಜನೆ, ಯುದ್ಧಕ್ಕೆ ಹುಡುಗರನ್ನು ಎಳೆದೊಯ್ಯುವುದು ಎಲ್ಲ ಶುರುವಾದ ಮೇಲೆ, 1980ರ ದಶಕದಲ್ಲಿ ಒಎಲ್ಎಫ್‌ಗೆ ಹಳ್ಳಿಗಳಲ್ಲಿ ಆಸರೆ ಹೆಚ್ಚಿತು.

ಭೂಮಿಯ ಒಡೆತನ ಸರ್ಕಾರದ ಕೈಯಲ್ಲೇ ಉಳಿಯಿತು. 1995ರ ಸಂವಿಧಾನವೂ ಅದನ್ನು ಬದಲಿಸಲಿಲ್ಲ. ಬೆಂಗಳೂರಿಗೆ ಈ ಕಥೆಯೊಡನೆ ಇರುವ ನೇರ ನಂಟು ಇಲ್ಲಿಯೇ. ಬೆಂಗಳೂರು ಮೂಲದ ಕರುತೂರಿ ಗ್ಲೋಬಲ್ ಅಡಿಸ್ ಅಬಾಬಾ ಪಕ್ಕದ ಹೊಲೆಟಾದಲ್ಲಿ ಗುಲಾಬಿ ಬೆಳೆಯಿತು, ಒರೊಮಿಯದ ಬಾಕೊದಲ್ಲಿ ಸುಮಾರು 11,000 ಹೆಕ್ಟೇರ್, ಗಂಬೆಲ್ಲಾ ಪ್ರಾಂತ್ಯದಲ್ಲಿ ಒಂದು ಲಕ್ಷ ಹೆಕ್ಟೇರ್ ಗುತ್ತಿಗೆ ಪಡೆಯಿತು. ಗಂಬೆಲ್ಲಾದ ಗುತ್ತಿಗೆಯನ್ನು 2015ರ ಕೊನೆಗೆ ಅಲ್ಲಿನ ಸರ್ಕಾರ ರದ್ದು ಮಾಡಿತು. ಕಂಪನಿ ಕಾನೂನುಬದ್ಧವಾಗಿಯೇ ಗುತ್ತಿಗೆ ಪಡೆದಿತ್ತು. ಇಲ್ಲಿ ನೋಡಬೇಕಾದದ್ದು ಕಾನೂನು ಎಂಥದ್ದು ಎಂಬುದನ್ನು. ಇಷ್ಟು ದೊಡ್ಡ ಹರವಿನ ನೆಲವನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವುದು ಸರ್ಕಾರ. ಅದರ ಮೇಲೆ ದನ ಮೇಯಿಸುವವನ, ಉಳುವವನ ಸಹಿಗೆ ಬೆಲೆಯಿಲ್ಲ.

‘ಅವರು ಕೇಳುವುದು ಪ್ರತ್ಯೇಕ ದೇಶವನ್ನೇ’ ಎಂಬ ಮಾತಿಗೆ ಈಗ ಬರೋಣ. ಒಎಲ್ಎಫ್‌ನ 1970ರ ದಶಕದ ಕಾರ್ಯಕ್ರಮದಲ್ಲಿ ಸ್ವತಂತ್ರ ಒರೊಮಿಯ ಎಂದಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 1991ರಲ್ಲಿ ದೆರ್ಗ್ ಬಿದ್ದಾಗ ಅದೇ ಸಂಘಟನೆ ತಾತ್ಕಾಲಿಕ ಸರ್ಕಾರದಲ್ಲಿ ಸೇರಿಕೊಂಡು ಮಂತ್ರಿಸ್ಥಾನ ಹಿಡಿಯಿತು. ಆ ವರ್ಷವೇ ಒರೊಮೊ ಭಾಷೆಗೆ ‘ಕುಬೆ’ ಎಂಬ ಲ್ಯಾಟಿನ್ ಲಿಪಿ ಗೊತ್ತಾಯಿತು, ಮಕ್ಕಳು ತಾಯ್ನುಡಿಯಲ್ಲಿ ಕಲಿಯತೊಡಗಿದರು. ಒರೊಮೊಗಳಿಗೆ ಒಂದು ಶತಮಾನದಲ್ಲಿ ದಕ್ಕಿದ, ಯಾರೂ ಹಿಂದಕ್ಕೆ ಕಸಿಯಲಾಗದ ಲಾಭ ಇದು. 1992ರ ಜೂನ್ ಚುನಾವಣೆಗೆ ಮುನ್ನ ಕಚೇರಿಗಳ ಮೇಲೆ ದಾಳಿ, ಅಭ್ಯರ್ಥಿಗಳ ಬಂಧನ ನಡೆಯುತ್ತಿದೆ ಎಂದು ಒಎಲ್ಎಫ್ ಹಿಂದೆ ಸರಿದು ಸರ್ಕಾರ ಬಿಟ್ಟಿತು. ಒಪ್ಪಂದದಂತೆ ಶಿಬಿರಗಳಲ್ಲಿದ್ದ ಅದರ ಪಡೆ ದೆರ್ಗನ್ನು ಉರುಳಿಸಿದ ಬಂಡುಕೋರರದೇ ಆದ ಸರ್ಕಾರಿ ಸೈನ್ಯದ ಎದುರು ನಿಲ್ಲಲಾಗದೆ ವಾರಗಳಲ್ಲಿ ಚದುರಿತು. ಸುಮಾರು 20,000 ಜನ ಹುರ್ಸೊ, ದಿಡೆಸ್ಸಾ ಮೊದಲಾದ ಶಿಬಿರಗಳಲ್ಲಿ ಸೆರೆಯಾದರು. ಮುಂದಿನ ಕಾಲು ಶತಮಾನ ಒಎಲ್ಎಫ್‌ನ ಸಶಸ್ತ್ರ ಹೋರಾಟ ಎಂದರೆ ಕೊನೆಗೆ ಎರಿಟ್ರಿಯದ ನೆಲೆ ಸೇರಿ ಕಾದು ಕೂತ, ಒಡೆದು ಹೋಳಾದ ಒಂದು ಚಿಕ್ಕ ಪಡೆ ಮಾತ್ರ. ಅದರ ಒಂದು ಬಣ 2012ರಲ್ಲಿ ಪ್ರತ್ಯೇಕತೆಯ ಬೇಡಿಕೆಯನ್ನೇ ಕೈಬಿಟ್ಟಿತು.

‘ಇದೆಲ್ಲ ನೆರೆಯವರು ಊದಿದ ಬೆಂಕಿ’ ಎನ್ನುವವರ ಕೈಯಲ್ಲಿ ಪುರಾವೆ ಇಲ್ಲದಿಲ್ಲ. ಬಾಲೆ ದಂಗೆಗೆ ಸೊಮಾಲಿಯ ಬಂದೂಕು ಕೊಟ್ಟಿತ್ತು, ಒಎಲ್ಎಫ್‌ಗೆ ಎರಿಟ್ರಿಯ ನೆಲೆ ಕೊಟ್ಟಿತ್ತು. ಆದರೆ ಸೊಮಾಲಿಯ ಬಯಸಿದ್ದು ಬಾಲೆಯ ನೆಲವನ್ನು. ದಕ್ಷಿಣದ ಒರೊಮೊಗಳೂ ಸೊಮಾಲಿಗಳೇ ಎಂದು ಹೇಳಿಕೊಳ್ಳುವ ಬೇರೊಂದು ರಂಗವನ್ನು ಅದು ಹುಟ್ಟುಹಾಕಿತು, ಒಎಲ್ಎಫ್ ಅದರೊಡನೆಯೂ ಹೊಡೆದಾಡಬೇಕಾಯಿತು. ಇನ್ನು ಎರಿಟ್ರಿಯ 2018ರ ಜುಲೈನಲ್ಲಿ ಇಥಿಯೋಪಿಯದೊಡನೆ ರಾಜಿಯಾಯಿತು, ಒಎಲ್ಎಫ್ ಮುಖಂಡರು ಸೆಪ್ಟೆಂಬರ್‌ನಲ್ಲಿ ಅಡಿಸ್ ಅಬಾಬಾಕ್ಕೆ ಮರಳಿದರು. ಹೊರಗಿನ ಬೆಂಬಲವೇ ಎಲ್ಲದರ ಮೂಲವಾಗಿದ್ದರೆ ಅಲ್ಲಿಗೆ ಹೋರಾಟ ಮುಗಿಯಬೇಕಿತ್ತು. ಅದು ಹೆಚ್ಚಾದದ್ದೇ ಆಮೇಲೆ, ಎರಿಟ್ರಿಯದಿಂದ ಬಹು ದೂರದ ವೊಲ್ಲೆಗಾದಲ್ಲಿ.

2018ರ ಬದಲಾವಣೆ ಬಂದೂಕಿನ ಫಲ ಎಂಬುದು ಹೋರಾಟದ ಅಭಿಮಾನಿಗಳು ಇಟ್ಟುಕೊಂಡ ತಪ್ಪು ನಂಬಿಕೆ. ಸರ್ಕಾರದ ಕಡೆಯವರ ತಪ್ಪನ್ನಷ್ಟೇ ತಿದ್ದಿದರೆ ಸಾಲದು. ಅಡಿಸ್ ಅಬಾಬಾವನ್ನು ಸುತ್ತಲಿನ ಒರೊಮೊ ಹೊಲಗಳ ಮೇಲೆ ವಿಸ್ತರಿಸುವ ಮಾಸ್ಟರ್ ಪ್ಲಾನ್ ವಿರುದ್ಧ 2014ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 2015ರ ನವೆಂಬರ್‌ನಲ್ಲಿ ಗಿಂಚಿ ಎಂಬ ಸಣ್ಣ ಪಟ್ಟಣದಿಂದ ಮತ್ತೆ ಎದ್ದ ಪ್ರತಿಭಟನೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಮತ್ತೆ ಭೂಮಿಯೇ ಕಾರಣ ಎಂಬುದನ್ನು ಗಮನಿಸಬೇಕು. ಕೆರ್ರೊ ಎನಿಸಿಕೊಂಡ ಆ ಯುವಕರು ಮಣಿಕಟ್ಟುಗಳನ್ನು ಅಡ್ಡಡ್ಡ ಹಿಡಿದು ತಲೆಯ ಮೇಲೆತ್ತಿ ನಿಲ್ಲುತ್ತಿದ್ದರು. 2016ರ ರಿಯೊ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬೆಳ್ಳಿ ಗೆದ್ದ ಫೆಯಿಸಾ ಲಿಲೆಸಾ ಗುರಿ ಮುಟ್ಟುವಾಗ ಮಾಡಿದ್ದು ಅದೇ ಸನ್ನೆ. ಅದೇ ವರ್ಷದ ಅಕ್ಟೋಬರ್ 2ರಂದು ಬಿಶೊಫ್ಟುವಿನಲ್ಲಿ ಒರೊಮೊಗಳ ಇರೀಚಾ ಹಬ್ಬಕ್ಕೆ ಸೇರಿದ ಜನರ ಮೇಲೆ ಪೊಲೀಸರು ಅಶ್ರುವಾಯು ಸಿಡಿಸಿ ಕಾಲ್ತುಳಿತವಾಯಿತು. ಸರ್ಕಾರ ಒಪ್ಪಿದ ಲೆಕ್ಕದಲ್ಲೇ 50ಕ್ಕೂ ಹೆಚ್ಚು ಜನ ಸತ್ತರು. ಒರೊಮಿಯವೂ ಸೇರಿದಂತೆ ಮೂರು ಪ್ರಾಂತ್ಯಗಳ ಗಲಭೆಯಲ್ಲಿ 669 ಜನ ಸತ್ತರೆಂದು ದೇಶದ ಮಾನವ ಹಕ್ಕುಗಳ ಆಯೋಗವೇ 2017ರಲ್ಲಿ ಸಂಸತ್ತಿಗೆ ತಿಳಿಸಿತು. ಈ ಜನರ ಕೈಯಲ್ಲಿ ಸೈನ್ಯ ಇರಲಿಲ್ಲ. ಆದರೂ ಮಾಸ್ಟರ್ ಪ್ಲಾನ್ 2016ರ ಜನವರಿಯಲ್ಲಿ ರದ್ದಾಯಿತು, 2018ರ ಫೆಬ್ರವರಿಯಲ್ಲಿ ಪ್ರಧಾನಿ ಹೈಲೆಮರಿಯಮ್ ದೆಸಾಲೆನ್ ರಾಜೀನಾಮೆ ಕೊಟ್ಟರು, ಏಪ್ರಿಲ್‌ನಲ್ಲಿ ಅಬಿಯ್ ಅಹ್ಮದ್ ಬಂದರು, ಜೈಲುಗಳು ತೆರೆದವು. ಒಎಲ್ಎಫ್ ಸೋಲೊಪ್ಪದೆ ಉಳಿದುಕೊಂಡದ್ದು ಆ ಯುವಕರಿಗೆ ಕೆಚ್ಚು ಕೊಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆ ಸಂಘಟನೆಯ ಬಾವುಟ ಅವರ ಮೆರವಣಿಗೆಗಳಲ್ಲಿತ್ತು. ಆದರೆ ಸರ್ಕಾರವನ್ನು ಮಣಿಸಿದ್ದು ಮೆರವಣಿಗೆ.

‘ಈಗಂತೂ ಪ್ರಧಾನಿಯೇ ಒರೊಮೊ, ಇನ್ನೇನು ಬೇಕು?’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಅಬಿಯ್ ತಂದೆ ಒರೊಮೊ ನಿಜ. ಆದರೆ ಒರೊಮೊ ರಕ್ತದವರು ಅಧಿಕಾರದ ತುದಿಯಲ್ಲಿರುವುದು ಆ ದೇಶಕ್ಕೆ ಹೊಸದೇನೂ ಅಲ್ಲ. ಮೆನೆಲಿಕ್‌ಗೆ ಒರೊಮೊ ನಾಡುಗಳನ್ನು ಗೆದ್ದುಕೊಟ್ಟ ದಂಡನಾಯಕ ರಾಸ್ ಗೊಬಾನಾ ಸ್ವತಃ ಒರೊಮೊ. ಹೈಲೆ ಸೆಲಾಸಿಯ ಮಡದಿ ಮೆನೆನ್, ವೊಲ್ಲೊದ ಒರೊಮೊ ಮೂಲದ ದೊರೆ ಮಿಕಾಯೆಲ್‌ನ ಮೊಮ್ಮಗಳು. ಇದೇ ಸಂಗತಿ, ಈ ಹೋರಾಟ ಅಮ್ಹಾರರ ಮೇಲಿನ ಹುಟ್ಟುದ್ವೇಷದ ಜಗಳ ಎಂಬ ಮಾತಿಗೂ ಉತ್ತರ. ಆಳುವವನ ಹುಟ್ಟು ಯಾವುದು ಎಂಬುದಕ್ಕಿಂತ ಆಳಿಸಿಕೊಳ್ಳುವವನ ದನಿಗೆ ಎಷ್ಟು ಬೆಲೆ ಎಂಬುದು ಇಲ್ಲಿನ ಜಗಳ. ಮತ್ತು ಆ ವಿಷಯದಲ್ಲಿ 2018ರ ಭರವಸೆ ಬೇಗ ಬತ್ತಿತು. ನಿರಾಯುಧಗೊಳ್ಳುವ ಷರತ್ತುಗಳ ಬಗ್ಗೆ ಜಗಳವಾಗಿ, ಜಾಲ್ ಮರ್ರೊ ಎಂದು ಹೆಸರಾದ ಕುಮ್ಸಾ ದಿರಿಬಾನ ಕೈಕೆಳಗಿನ ಪಡೆ 2019ರಲ್ಲಿ ಒಎಲ್ಎಫ್‌ನಿಂದ ಬೇರೆಯಾಗಿ ಒರೊಮೊ ವಿಮೋಚನಾ ಸೇನೆಯಾಯಿತು. (ಇವೆರಡನ್ನೂ ಒಂದೇ ಎಂದು ಬರೆಯುವುದು ಇಂದಿಗೂ ನಿಂತಿಲ್ಲ, ಒಎಲ್ಎಫ್ ನೋಂದಾಯಿತ ರಾಜಕೀಯ ಪಕ್ಷ.) 2020ರ ಜೂನ್‌ನಲ್ಲಿ ಹಾಡುಗಾರ ಹಚಾಲು ಹುಂಡೆಸ್ಸಾನ ಕೊಲೆಯಾದ ಮೇಲೆ ವಿರೋಧ ಪಕ್ಷದವರು ಮತ್ತೆ ಜೈಲು ಸೇರಿದರು. 2024ರ ಏಪ್ರಿಲ್‌ನಲ್ಲಿ ಒಎಲ್ಎಫ್‌ನ ಬಾಟೆ ಉರ್ಗೆಸ್ಸಾ ಮೆಕಿ ಪಟ್ಟಣದಲ್ಲಿ ಗುಂಡೇಟಿಗೆ ಬಲಿಯಾಗಿ ಬಿದ್ದಿದ್ದು ಸಿಕ್ಕಿತು. ಆತ ಬಂದೂಕು ಹಿಡಿದವನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬಂಡಾಯ ನ್ಯಾಯದ್ದು ಎಂದು ತೀರ್ಪು ಕೊಟ್ಟಂತಾಯಿತೇ ಎಂದು ಕೇಳಬಹುದು. ಬಂಡಾಯದ ಕಾರಣ ನಿಜ ಎಂದರೆ ಅದರ ಹೆಸರಿನಲ್ಲಿ ನಡೆದದ್ದೆಲ್ಲ ಸರಿ ಎಂದಾಗುವುದಿಲ್ಲ. 2022ರ ಜೂನ್ 18ರಂದು ಪಶ್ಚಿಮ ವೊಲ್ಲೆಗಾದ ಟೊಲೆಯಲ್ಲಿ ನೂರಾರು ಅಮ್ಹಾರ ಗ್ರಾಮಸ್ಥರನ್ನು ಕೊಲ್ಲಲಾಯಿತು. ಬದುಕುಳಿದವರೂ ಸರ್ಕಾರವೂ ವಿಮೋಚನಾ ಸೇನೆಯತ್ತ ಬೆರಳು ತೋರಿದರು. ಅದು ನಿರಾಕರಿಸಿ ಸರ್ಕಾರದ ಕಡೆಯ ಪಡೆಗಳನ್ನು ದೂರಿತು. 2021ರ ಡಿಸೆಂಬರ್‌ನಲ್ಲಿ ಒರೊಮೊಗಳ ಕರ್ರಯು ಸಮುದಾಯದ, ಗದಾ ಎಂಬ ಸಾಂಪ್ರದಾಯಿಕ ವ್ಯವಸ್ಥೆಯ ಮುಖಂಡನೂ ಸೇರಿ 14 ಜನರನ್ನು ಕೊಂದದ್ದು ಸರ್ಕಾರಿ ಭದ್ರತಾ ಪಡೆ ಎಂದು ದೇಶದ ಮಾನವ ಹಕ್ಕುಗಳ ಆಯೋಗ ಹೇಳಿತು. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವ ಲೆಕ್ಕಾಚಾರ ಎರಡೂ ಕಡೆ ನಡೆಯುತ್ತಿದೆ, ಅದಕ್ಕೆ ಓದುಗ ಕೈಜೋಡಿಸಬಾರದು.

2023ರಲ್ಲಿ ಸರ್ಕಾರ ಮತ್ತು ವಿಮೋಚನಾ ಸೇನೆ ಟಾಂಜಾನಿಯದಲ್ಲಿ ಎರಡು ಸುತ್ತು ಮಾತಾಡಿದವು, ಮೊದಲು ಜಾಂಜಿಬಾರ್‌ನಲ್ಲಿ, ನವೆಂಬರ್‌ನಲ್ಲಿ ಡಾರ್ ಎಸ್ ಸಲಾಮ್‌ನಲ್ಲಿ. ಎರಡನೇ ಸುತ್ತಿಗೆ ಕುಮ್ಸಾ ದಿರಿಬಾನೇ ಕಾಡಿನಿಂದ ಹೋಗಿದ್ದ. ಬಂಡುಕೋರರ ಬೇಡಿಕೆಗಳು ಈಡೇರುವಂಥವಲ್ಲ ಎಂದು ಸರ್ಕಾರ, ನಮ್ಮ ಮುಖಂಡರಿಗೆ ಹುದ್ದೆ ಕೊಟ್ಟು ಒಳಗೆಳೆದುಕೊಳ್ಳುವುದಷ್ಟೇ ಸರ್ಕಾರದ ಉದ್ದೇಶ ಎಂದು ಬಂಡುಕೋರರು ಹೇಳಿ ಎದ್ದುಬಂದರು. 2024ರ ಡಿಸೆಂಬರ್‌ನಲ್ಲಿ ವಿಮೋಚನಾ ಸೇನೆಯಿಂದ ಒಡೆದು ಹೋದ ಒಂದು ಗುಂಪು ಒರೊಮಿಯ ಸರ್ಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಕುಮ್ಸಾನ ಮುಖ್ಯ ಪಡೆ ಅದನ್ನು ತಳ್ಳಿಹಾಕಿ ವೊಲ್ಲೆಗಾದ ಕಾಡಿನಲ್ಲೇ ಉಳಿಯಿತು.