ಹಸುವಿನ ರಕ್ತ ಪರೀಕ್ಷೆ: ಯಾವ ಸಾಮಾನು ಮೊದಲು, ಯಾವುದು ಆಮೇಲೆ?



ಕಳೆದ ವರ್ಷ ನಮ್ಮ ಸಂಘದ ಸದಸ್ಯೆಯೊಬ್ಬರ ಮಿಶ್ರತಳಿ ಹಸುವಿಗೆ 105 ಡಿಗ್ರಿ ಜ್ವರ ಬಂತು. ಮೇವು ಬಿಟ್ಟಿತು, ಭುಜದ ಮುಂದಿನ ಗಂಟು ಊದಿತು. ರಕ್ತ ತೆಗೆಸಿ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು. ಉಣ್ಣೆಯಿಂದ ಬರುವ ಥೈಲೇರಿಯಾ ರೋಗ ಎಂದು ವರದಿ ಬಂದದ್ದು ನಾಲ್ಕನೇ ದಿನ. ಹಸು ಮೂರನೇ ದಿನವೇ ಸತ್ತಿತ್ತು. ಸಂಘದ ಸಾಲದಲ್ಲಿ ಕೊಂಡ ಹಸು ಅದು. ಹಾಲು ನಿಂತಿತು, ಕಂತು ನಿಲ್ಲಲಿಲ್ಲ.

ಈಗ ಅದೇ ಹೋಬಳಿಯಲ್ಲಿ ಸದಸ್ಯೆಯೊಬ್ಬರ ಮಗಳು ಪಶುವೈದ್ಯಕೀಯ ಓದಿ ಚಿಕ್ಕ ಚಿಕಿತ್ಸಾಲಯ ತೆರೆದಿದ್ದಾರೆ. ರಕ್ತ ಪರೀಕ್ಷೆಯ ಸಾಮಾನು ಕೊಳ್ಳಲು ನಮ್ಮ ಒಕ್ಕೂಟದಿಂದ ಸಾಲ ಕೇಳಿದ್ದಾರೆ. ಸಭೆಯಲ್ಲಿ ಒಬ್ಬರು, “ಕೊಡೋದಾದ್ರೆ ದೊಡ್ಡ ಮೆಷಿನ್ನಿಗೇ ಕೊಡೋಣ ಸಿಸ್ಟರ್, ಅರ್ಧಂಬರ್ಧ ಯಾಕೆ?” ಎಂದರು. ಇನ್ನೊಬ್ಬರು, “ಅಷ್ಟು ದುಡ್ಡು ವಾಪಸ್ ಬರುತ್ತಾ?” ಎಂದರು. ಎರಡೂ ಸರಿಯಾದ ಪ್ರಶ್ನೆಗಳೇ. ಉತ್ತರವನ್ನು ಒಟ್ಟಿಗೆ ಹುಡುಕೋಣ.

ರಕ್ತ ಏನು ಹೇಳುತ್ತದೆ?

ಉಣ್ಣೆ ಕಚ್ಚಿ ಬರುವ ಮುಖ್ಯ ರೋಗಗಳು ಮೂರು: ಥೈಲೇರಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ. ಮೂರರಲ್ಲೂ ಜ್ವರ ಬರುತ್ತದೆ, ರಕ್ತ ಕಡಿಮೆಯಾಗುತ್ತದೆ. ಬೆಬೀಸಿಯಾದಲ್ಲಿ ಗಂಜಲ ಕಾಫಿ ಬಣ್ಣಕ್ಕೆ ತಿರುಗುವುದುಂಟು. ಆದರೆ ಮೂರಕ್ಕೂ ಔಷಧಿ ಒಂದೇ ಅಲ್ಲ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬೆಬೀಸಿಯಾಕ್ಕೆ ಡಿಮಿನಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಅಂದಾಜಿನ ಮೇಲೆ ಚುಚ್ಚಿದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಮೊದಲು ಬೇಕಾದ ನಾಲ್ಕು ಸಾಮಾನು

1. ಮೈಕ್ರೋಸ್ಕೋಪು: ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಗೀಮ್ಸಾ ಬಣ್ಣ ಹಾಕಿ ನೋಡಿದರೆ ಈ ರೋಗಾಣುಗಳು ಕೆಂಪು ರಕ್ತಕಣದಲ್ಲಿ ಕಾಣಿಸುತ್ತವೆ. ಸುಮಾರು ಒಂದು ಗಂಟೆಯ ಕೆಲಸ. ಊದಿದ ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವವನ್ನೂ ಇದರಲ್ಲೇ ನೋಡಬಹುದು. ಎಣ್ಣೆ ಹನಿ ಹಾಕಿ ನೋಡುವ 100ರ ಮಸೂರ ಇರಲೇಬೇಕು, ಇಲ್ಲಾಂದ್ರೆ ಇಷ್ಟು ಸಣ್ಣ ರೋಗಾಣು ಕಾಣುವುದಿಲ್ಲ.

2. ಮೈಕ್ರೋ ಹೆಮಟೊಕ್ರಿಟ್ ಸೆಂಟ್ರಿಫ್ಯೂಜ್: ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ 5 ನಿಮಿಷ ಗಿರ್ರನೆ ತಿರುಗಿಸುವ ಯಂತ್ರ. ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ತಿಳಿ ಮೇಲೆ ನಿಲ್ಲುತ್ತದೆ. ಆರೋಗ್ಯವಂತ ಹಸುವಿನಲ್ಲಿ ಕೆಂಪು ಭಾಗ 100ಕ್ಕೆ 24ರಿಂದ 46. ಅದಕ್ಕಿಂತ ಇಳಿದಿದ್ದರೆ ರಕ್ತಹೀನತೆ. ಮೂತ್ರ ಪರೀಕ್ಷೆಗೆ ಬಳಸುವ ಸಾಮಾನ್ಯ ಸೆಂಟ್ರಿಫ್ಯೂಜ್ ಇದಕ್ಕೆ ಆಗುವುದಿಲ್ಲ.

3. ರಿಫ್ರಾಕ್ಟೋಮೀಟರ್: ಅಂಗೈಯಲ್ಲಿ ಹಿಡಿಯುವ ಸಾಧನ. ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡುವ ಮಾದರಿಗೆ ಕರೆಂಟೂ ಬೇಡ. ರಕ್ತದ ತಿಳಿಯ ಒಂದು ಹನಿಯಿಂದ ಪ್ರೋಟೀನ್ ಎಷ್ಟಿದೆ ಅಂತ ತಿಳಿಯುತ್ತದೆ. ಹುಟ್ಟಿದ ಮೊದಲ ವಾರದ ಕರುವಿನಲ್ಲಿ ಇದು 5.2 ಗ್ರಾಂಗಿಂತ ಕಡಿಮೆ ಬಂದರೆ, ಗಿಣ್ಣು ಹಾಲು ಸಾಕಷ್ಟು ಸಿಕ್ಕಿಲ್ಲ ಎಂಬ ಅನುಮಾನ.

4. ಕೀಟೋನ್ ಮೀಟರ್: ಕರು ಹಾಕಿದ ಮೊದಲ ವಾರಗಳಲ್ಲಿ ಹಸು ಸೊರಗಿ ಹಾಲು ಇಳಿಸಿದರೆ ಇದು ಉಪಯೋಗ. 1.2 ಅಥವಾ ಹೆಚ್ಚು ತೋರಿಸಿದರೆ ಕೀಟೋಸಿಸ್ ಶುರುವಾಗಿದೆ ಎಂದರ್ಥ. ಸಕ್ಕರೆ ನೋಡುವ ಎಲ್ಲ ಮೀಟರೂ ಕೀಟೋನ್ ನೋಡುವುದಿಲ್ಲ, ಕೇಳಿ ಕೊಳ್ಳಬೇಕು.

ಹಾಗಾದರೆ ದೊಡ್ಡ ಮೆಷಿನ್?

ರಕ್ತಕಣ ಎಣಿಸುವ ಯಂತ್ರ ಕೆಟ್ಟದ್ದಲ್ಲ. ಆದರೆ ಅದರ ನಿಜವಾದ ಬೆಲೆ ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಯಂತ್ರಕ್ಕೆ 3 ಲಕ್ಷ, 5 ವರ್ಷ ಬಾಳಿಕೆ, ತಿಂಗಳಿಗೆ 15 ಪರೀಕ್ಷೆ. ಒಟ್ಟು 900 ಪರೀಕ್ಷೆ. ಯಂತ್ರದ ಪಾಲೇ ಒಂದಕ್ಕೆ 333 ರೂಪಾಯಿ! ಇದರ ಮೇಲೆ ಬಡ್ಡಿ, ರಿಪೇರಿ, ರಾಸಾಯನಿಕ ದ್ರಾವಣದ ಖರ್ಚು. ಬೆಳಿಗ್ಗೆ ಯಂತ್ರ ಶುರು ಮಾಡಿದರೂ, ಸಂಜೆ ತೊಳೆದು ನಿಲ್ಲಿಸಿದರೂ ದ್ರಾವಣ ಖರ್ಚಾಗುತ್ತದೆ, ಆ ದಿನ ಒಂದು ಹಸುವೂ ಬರದಿದ್ದರೂ ಸರಿ. ತೆರೆದ ಬಾಟಲಿಗೆ ಅವಧಿ ಬೇರೆ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಮನುಷ್ಯರ ಲ್ಯಾಬಿನ ಹಳೇ ಯಂತ್ರ ಅಗ್ಗಕ್ಕೆ ಸಿಗುತ್ತದೆ ಎಂದು ಮಾರುವವರು ಬರುತ್ತಾರೆ. ಹಸುವಿನ ಕೆಂಪು ಕಣ ಮನುಷ್ಯರದ್ದಕ್ಕಿಂತ ಸಣ್ಣದು, ಆಡಿನದ್ದು ಇನ್ನೂ ಸಣ್ಣದು. ಪ್ರಾಣಿಗಳಿಗೆಂದೇ ಹೊಂದಿಸಿರದ ಯಂತ್ರ ತಪ್ಪು ಎಣಿಕೆ ಕೊಡಬಹುದು. ಮುಖ್ಯ ಮಾತು ಏನಂದ್ರೆ, ಈ ಯಂತ್ರ ಕಣ ಎಣಿಸುತ್ತದೆ, ಉಣ್ಣೆ ರೋಗದ ರೋಗಾಣುವನ್ನು ತೋರಿಸುವುದಿಲ್ಲ. ಮೆಷಿನ್ ಕೊಂಡರೂ ಮೈಕ್ರೋಸ್ಕೋಪು ಬೇಕೇ ಬೇಕು.

ಸಾಲ ಕೊಡುವ ಮುಂಚೆ ಕೇಳಬೇಕಾದ್ದು

• ತಿಂಗಳಿಗೆ ಎಷ್ಟು ಪರೀಕ್ಷೆ ಬರುತ್ತವೆ? ರಿಜಿಸ್ಟರ್ ಇದೆಯಾ?
• ಸ್ಲೈಡ್, ಬಣ್ಣ, ಕೊಳವೆ, ಸ್ಟ್ರಿಪ್ ಎಲ್ಲಿ ಸಿಗುತ್ತವೆ, ಒಂದು ಪರೀಕ್ಷೆಗೆ ಎಷ್ಟು ಬೀಳುತ್ತದೆ?
• ಕೆಟ್ಟರೆ ರಿಪೇರಿಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ? ಬರವಣಿಗೆಯಲ್ಲಿ ಕೊಡುತ್ತಾರಾ?
• ಕರೆಂಟು ಹೋದರೆ ಏನು ಮಾಡುವುದು?
• ಒಂದೇ ರಕ್ತವನ್ನು ಎರಡು ಸಲ ಹಾಕಿ ತೋರಿಸಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದಾ?

ಕನಿಷ್ಠ ಮೂರು ಕಡೆ ಕೊಟೇಶನ್ ತರಿಸಿ ಹೋಲಿಸಬೇಕು.

ನಮ್ಮ ಪಾಲಿನ ಕೆಲಸ

ಎಷ್ಟೇ ಒಳ್ಳೆ ಸಾಮಾನಿದ್ದರೂ ನಾವು ತಡ ಮಾಡಿದರೆ ಪ್ರಯೋಜನವಿಲ್ಲ. ಮೂರು ದಿನ ಮನೆಮದ್ದು ಮಾಡಿ ನಾಲ್ಕನೇ ದಿನ ಡಾಕ್ಟರನ್ನು ಕರೆಯುವ ಅಭ್ಯಾಸ ಬಿಡೋಣ. ಜ್ವರ ಬಂದ ದಿನವೇ, ಔಷಧಿ ಚುಚ್ಚುವ ಮುಂಚೆಯೇ ರಕ್ತ ತೆಗೆಸಬೇಕು. ವಾಸಿಯಾದ ಕೆಲವು ಹಸುಗಳ ರಕ್ತದಲ್ಲೂ ಒಂದೆರಡು ರೋಗಾಣು ಉಳಿದಿರುತ್ತವೆ, ಆದ್ದರಿಂದ ಚೀಟಿ ನೋಡಿ ನಾವೇ ಔಷಧಿ ತರಬಾರದು. ಕರು ಹಾಕಿದ ಹಸು ಹಾಲುಜ್ವರದಿಂದ ನೆಲ ಹಿಡಿದಿದ್ದರೆ ವರದಿಗೆ ಕಾಯುವಂತಿಲ್ಲ, ಆಗ ಡಾಕ್ಟರು ಕೂಡಲೇ ಕ್ಯಾಲ್ಸಿಯಂ ಕೊಡಬೇಕು. ಗಬ್ಬ ಹೋದರೆ ಸತ್ತ ಕರುವನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗ ನಮಗೂ ಅಂಟುತ್ತದೆ. ಅಂಥ ಪರೀಕ್ಷೆಗೆ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ದೊಡ್ಡ ಪ್ರಯೋಗಾಲಯಗಳಿವೆ. ಎಲ್ಲವನ್ನೂ ಹೋಬಳಿಯಲ್ಲೇ ಮಾಡಬೇಕೆಂದಿಲ್ಲ.

ನಾವು ಕೊನೆಗೆ ಒಕ್ಕೂಟದ ಮುಂದೆ ಇಟ್ಟ ಸಲಹೆ ಇದು: ಮೊದಲು ಆ ನಾಲ್ಕು ಸಾಮಾನಿಗೆ ಮಾತ್ರ ಸಾಲ. ಪರೀಕ್ಷೆಯ ದರ ಬೋರ್ಡಿನಲ್ಲಿ ಬರೆದು ಹಾಕಬೇಕು. ಆರು ತಿಂಗಳು ರಿಜಿಸ್ಟರ್ ಇಡಬೇಕು. ಆ ರಿಜಿಸ್ಟರ್ ತುಂಬಿದರೆ ಮೆಷಿನ್ನಿನ ಮಾತು ಆಡೋಣ. ದೊಡ್ಡ ಮೆಷಿನ್ನೇ ಬೇಕೆಂದಿದ್ದ ಸಹೋದರಿ ಲೆಕ್ಕ ನೋಡಿ ನಕ್ಕು, “ಮೊದಲು ಹಸು ಉಳೀಲಿ ಬಿಡಿ ಸಿಸ್ಟರ್” ಎಂದರು. ನಿಮ್ಮ ಸಂಘದ ಮುಂದಿನ ಸಭೆಯಲ್ಲೂ ಈ ಲೆಕ್ಕ ಹಾಕಿ ನೋಡಿ.