ದೂರದ ಫೋಲ್ಡರ್: ಬೇಕಾದಾಗ ಮಾತ್ರ ಜೋಡಣೆ

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಲೆಕ್ಕದ ಸರ್ವರ್ ಇದೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಖೆಗಳು ಅದರ ಕಡತಗಳನ್ನೇ ಬಳಸುತ್ತವೆ ಎಂದು ಭಾವಿಸೋಣ. ಲಿನಕ್ಸ್ ಗಣಕದ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಆ ಫೋಲ್ಡರನ್ನು ಖಾಯಂ ಜೋಡಣೆಯಾಗಿ ಬರೆದಿಟ್ಟಿದ್ದರೆ, ಚನ್ನಗಿರಿಯಲ್ಲಿ ವಿದ್ಯುತ್ ಹೋದ ದಿನ ಜಗಳೂರಿನ ಗಣಕವು ಆರಂಭದಲ್ಲಿಯೇ ಕಾಯುತ್ತ ನಿಲ್ಲಬಹುದು. ಗಿರಾಕಿ ಎದುರಿಗಿದ್ದರೂ ಬಿಲ್ ಹೊರಡದು.

ಇದಕ್ಕೆ ‘ಆಟೋಎಫ್‌ಎಸ್’ ಪರಿಹಾರ. ‘ಆಟೋ.ಮಾಸ್ಟರ್’ ಕಡತದಲ್ಲಿ ಜೋಡಣೆಯ ಸ್ಥಳವನ್ನೂ ನಕ್ಷೆ ಕಡತದ ಹೆಸರನ್ನೂ, ಆ ನಕ್ಷೆಯಲ್ಲಿ ಸರ್ವರ್ ಮತ್ತು ಫೋಲ್ಡರಿನ ವಿಳಾಸವನ್ನೂ ಬರೆದು ಸೇವೆಯನ್ನು ಪುನರಾರಂಭಿಸಬೇಕು. ಫೋಲ್ಡರನ್ನು ತೆರೆಯಹೋದಾಗ ಮಾತ್ರ ಜೋಡಣೆಯಾಗುತ್ತದೆ. ‘ಟೈಮ್‌ಔಟ್’ 300 ಎಂದಿದ್ದರೆ, ಐದು ನಿಮಿಷ ಬಳಕೆಯಿಲ್ಲದಿದ್ದಾಗ ತಾನಾಗಿಯೇ ಕಳಚುತ್ತದೆ. ಹೆಸರು ಹಿಡಿದು ತೆರೆಯುವವರೆಗೆ ಫೋಲ್ಡರ್ ಪಟ್ಟಿಯಲ್ಲಿ ಕಾಣದಿರುವುದುಂಟು. ‘ಲೆಕ್ಕವೆಲ್ಲ ಹೋಯಿತು’ ಎಂದು ಗುಮಾಸ್ತರು ಗಾಬರಿಯಾಗದಂತೆ ಮೊದಲೇ ತಿಳಿಸಿಡುವುದು ಒಳಿತು.

ಕಡತ ತೆರೆದಿರುವಾಗಲೇ ಸರ್ವರ್ ಆರಿದರೆ ಈ ವ್ಯವಸ್ಥೆಯೂ ನೆರವಾಗದು. ಕಾಯುವಿಕೆಯನ್ನು ತಪ್ಪಿಸಲೆಂದು ಕೆಲವು ತಂತ್ರಜ್ಞರು ‘ಸಾಫ್ಟ್’ ಆಯ್ಕೆಯನ್ನು ಸೂಚಿಸುವರು. ಲೆಕ್ಕ ಬರೆಯುವ ಫೋಲ್ಡರಿಗೆ ಅದನ್ನು ಒಪ್ಪಬೇಡಿ. ಬರೆದ ನಮೂದು ಸದ್ದಿಲ್ಲದೆ ಕೆಡುವ ಅಪಾಯವಿದೆ. ಊರಿಂದೂರಿಗೆ ಅಂತರ್ಜಾಲದ ಮೂಲಕ ಎನ್‌ಎಫ್‌ಎಸ್ ಬಳಸುವವರು ‘ವಿಪಿಎನ್’ ಮಾರ್ಗವನ್ನೇ ಹಿಡಿಯತಕ್ಕದ್ದು.