ತೊಟ್ಟಿಲ ಕಂದನಿಗೆ ತುಸು ದೀರ್ಘ ನಿದ್ದೆ

ಮಗು ಮಲಗಿತೆಂದು ತಾಯಿ ಅಡುಗೆಮನೆಗೆ ಹೋಗುತ್ತಾಳೆ. ಅನ್ನಕ್ಕಿಟ್ಟು, ಬಟ್ಟೆ ನೆನೆಸಿ, ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ತೊಟ್ಟಿಲಿನಿಂದ ಅಳು! ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಅಕ್ಕನ ಓದೂ ಅಲ್ಲಿಗೆ ನಿಂತಿತು. 'ದೃಷ್ಟಿಯಾಗಿದೆ', 'ಹಾಲು ಸಾಲುತ್ತಿಲ್ಲ' ಎಂದು ಮನೆಯಲ್ಲಿ ಮಾತು ಶುರು. ದೂರೆಲ್ಲ ಬರುವುದು ಬಹುಪಾಲು ತಾಯಿಯ ಮೇಲೆಯೇ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಎಳೆಯ ಮಗುವಿನ ನಿದ್ದೆಯ ರೀತಿಯೇ ಹಾಗೆ.

ಎಚ್ಚರವಾಗುವುದೇಕೆ?

ನಿದ್ದೆ ಸುತ್ತುಸುತ್ತಾಗಿ ಬರುತ್ತದೆ. ದೊಡ್ಡವರಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ಹಸುಗೂಸಿಗೆ ಸುಮಾರು 50 ನಿಮಿಷ ಮಾತ್ರ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚಲಿಸುವ ನಿದ್ದೆಯ ಬಗ್ಗೆ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ 1953ರಲ್ಲಿ ಜಗತ್ತಿಗೆ ತಿಳಿಸಿದರು. ನವಜಾತ ಶಿಶುವಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಇಂಥದೇ. ಆಗ ಮಗು ಮುಲುಗುತ್ತದೆ, ನಗುತ್ತದೆ, ಕೈಕಾಲು ಆಡಿಸುತ್ತದೆ. ಎದ್ದಿತೆಂದು ಓಡಿಹೋಗಿ ಎತ್ತಿಕೊಂಡರೆ ಎಬ್ಬಿಸಿದವರು ನಾವೇ!

ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೊರಳುವಾಗ ಮಗುವಿಗೆ ಅರೆ ಎಚ್ಚರವಾಗುತ್ತದೆ. ಮತ್ತೆ ನಿದ್ದೆಗೆ ಜಾರುವುದನ್ನು ಅದು ನಿಧಾನವಾಗಿ ಕಲಿಯಬೇಕು. ಐದಾರು ತಿಂಗಳವರೆಗೆ ತುಂಡು ನಿದ್ದೆ ಸಹಜ.

ಎಷ್ಟು ನಿದ್ದೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ದಿನಕ್ಕೆ 3 ತಿಂಗಳವರೆಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳಲ್ಲಿ 12ರಿಂದ 16 ಗಂಟೆ, 1ರಿಂದ 2 ವರ್ಷದಲ್ಲಿ 11ರಿಂದ 14 ಗಂಟೆ ನಿದ್ದೆ ಬೇಕು. ಇದು ಹಗಲು ರಾತ್ರಿ ಎರಡೂ ಸೇರಿದ ಲೆಕ್ಕ. ಒಂದು ನಿದ್ದೆ ಚಿಕ್ಕದಾಯಿತೆಂದು ಕಂಗಾಲಾಗದೆ ಇಡೀ ದಿನದ ಮೊತ್ತ ನೋಡಿ.

ಮನೆಯವರೆಲ್ಲರ ಕೆಲಸ

ಲೆಕ್ಕ ಇಡುವ ಕೆಲಸ ಓದುವ ಮಕ್ಕಳಿಗಿರಲಿ. ತಮ್ಮನೋ ತಂಗಿಯೋ ಮಲಗಿದ, ಎದ್ದ ವೇಳೆಯನ್ನು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನಿದ್ದೆ ಯಾವಾಗ ಬರುತ್ತದೆಂಬ ಅಂದಾಜು ಸಿಗುತ್ತದೆ.

ಕಣ್ಣುಜ್ಜುವುದು, ಆಕಳಿಸುವುದು, ಆಟದಿಂದ ಮುಖ ತಿರುಗಿಸುವುದು ನಿದ್ದೆಯ ಸೂಚನೆಗಳು. ಆಗಲೇ ಮಲಗಿಸಿ. ತೀರಾ ದಣಿದ ಮಗು ರಚ್ಚೆ ಹಿಡಿಯುತ್ತದೆ, ಬೇಗ ಏಳುತ್ತದೆ.

ಹಾಲು ಕುಡಿಸಿ ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಪರದೆ ಎಳೆಯುವುದು, ಒಂದು ಜೋಗುಳ: ಪ್ರತಿದಿನ ಇದೇ ಕ್ರಮವಿರಲಿ. ತೋಳಿನಲ್ಲೇ ಪೂರ್ತಿ ನಿದ್ದೆ ಹೋದ ಮಗು ನಡುವೆ ಎಚ್ಚರವಾದಾಗ ಅದೇ ತೋಳನ್ನು ಹುಡುಕುತ್ತದೆ. ಆದ್ದರಿಂದ ಆಗಾಗ ತೂಕಡಿಸುತ್ತಿರುವಾಗಲೇ ಹಾಸಿಗೆಗೆ ಬಿಡಿ. ಮುಲುಗಿದರೆ ಒಂದೆರಡು ನಿಮಿಷ ಕಾಯಿರಿ. ಅತ್ತರೆ ಹೋಗಿ ಮೆಲ್ಲನೆ ತಟ್ಟಿ. ಹಸಿದಿದ್ದರೆ ಹಾಲು ಕೊಡಲೇಬೇಕು.

ಎಚ್ಚರಿಕೆಯ ಮಾತು

ನಿದ್ದೆ ಉದ್ದವಾಗುವುದಕ್ಕಿಂತ ಸುರಕ್ಷಿತವಾಗಿರುವುದು ಮುಖ್ಯ. ವರ್ಷ ತುಂಬುವವರೆಗೆ ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಸಪಾಟಾಗಿ, ಗಟ್ಟಿಯಾಗಿರಲಿ. ದಿಂಬು, ದಪ್ಪ ಹೊದಿಕೆ, ಆಟಿಕೆಗಳು ಬೇಡ. ಸಾಸಿವೆ ದಿಂಬೂ ಬೇಡ. ನಿದ್ದೆ ಬರಲೆಂದು ಕೆಮ್ಮಿನ ಸಿರಪ್ ಕುಡಿಸುವುದು ಅಪಾಯ. ಉಸಿರಾಟದಲ್ಲಿ ತೊಂದರೆ, ಜ್ವರ, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳು ಅರ್ಧ ಗಂಟೆಗೇ ಏಳುತ್ತವೆ. ಅಂಥ ದಿನ ಅಪ್ಪನೋ ಅಜ್ಜಿಯೋ ಮಗುವನ್ನೆತ್ತಿಕೊಳ್ಳಲಿ. ಅಮ್ಮ ಅರ್ಧ ಗಂಟೆ ಮಲಗಲಿ. ಮನೆಯಲ್ಲಿ ನಿದ್ದೆ ಬೇಕಾದವರು ಮಗು ಒಬ್ಬರೇ ಅಲ್ಲವಲ್ಲ!